ಗರಡಿಮನೆಗೆ ಬಂದ ಡಾಕ್ಟರು

ನಮ್ಮೂರಿನಲ್ಲಿ ಫೋನಿನ ರೇಂಜು ದಿನಕ್ಕೊಂದು ಮನೆಗೆ ಬರುತ್ತದೆ. ಬೆಳಗಿನ ಜಾವ ಯಾರ ಮನೆಯ ನಾಗಂದಿಗೆಯ ಮೇಲಿನ ತಾಟು ಬಟ್ಟಲುಗಳು ತಾವಾಗಿಯೇ ಸಣ್ಣಗೆ ಝಣಗುಟ್ಟುತ್ತವೋ ಅಂದು ಅವರ ಮನೆಗೆ ರೇಂಜು ಬಂದಿದೆ ಎಂದು ತಿಳಿಯಬೇಕು. ಮನೆಯವರು ಎದ್ದು ಮುಖ ತೊಳೆದು ಬಾಗಿಲ ಚಿಲಕಕ್ಕೆ ಒಂದು ಮೊರ ತೂಗುಹಾಕುತ್ತಾರೆ. ಆಮೇಲೆ ದೀಪ ಹಚ್ಚುವ ಹೊತ್ತಿನ ತನಕ, ಫೋನಿನಲ್ಲಿ ಮುಖ ನೋಡಿ ಮಾತಾಡಬೇಕಾದವರೆಲ್ಲ ಆ ಮನೆಗೇ ಹೋಗಬೇಕು. ಬರೀ ಮಾತು ಊರಿನ ಯಾವ ಮೂಲೆಯಿಂದಾದರೂ ಕೇಳುತ್ತದೆ. ಮುಖ ಕಾಣುವುದು ಮಾತ್ರ ಮೊರ ಕಟ್ಟಿದ ಮನೆಯಲ್ಲಿ. ಆ ಮನೆಯವರು ಬಂದವರನ್ನು ಹಿಂದಕ್ಕೆ ಕಳಿಸುವಂತಿಲ್ಲ, ಯಾಕೆ ಬಂದಿರಿ ಎಂದು ಕೇಳುವಂತಿಲ್ಲ. ಒಂದು ಲೋಟ ನೀರು, ಒಂದು ಚೂರು ಬೆಲ್ಲ ಕೊಟ್ಟು ಕೂರಿಸಬೇಕು.

ಇದಕ್ಕೆ ಊರು ಒಗ್ಗಿಕೊಂಡು ಬಹಳ ಕಾಲವಾಯಿತು. ನಾಳೆ ಯಾರ ಮನೆಯೋ ಗೊತ್ತಿಲ್ಲವಾದ್ದರಿಂದ ನಮ್ಮಲ್ಲಿ ಮುಸುರೆ ಪಾತ್ರೆ ಬಿಟ್ಟು ಯಾರೂ ಮಲಗುವುದಿಲ್ಲ. ಬದುವಿನ ಜಗಳಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು ಒಬ್ಬರ ಪಡಸಾಲೆಯಲ್ಲಿ ಒಬ್ಬರು ಕೂತು, ದೂರದೂರಿಗೆ ಕೊಟ್ಟ ಹೆಣ್ಣುಮಕ್ಕಳ ಮುಖ ನೋಡಿದ್ದಾರೆ. ನಮ್ಮ ಓಣಿಯ ಹುಡುಗಿಯೊಬ್ಬಳನ್ನು ಗಂಡಿನ ಕಡೆಯವರು ನೋಡಿದ್ದು ಕಂಬಾರಸಾಲೆಯಲ್ಲಿ, ತಿದಿಯ ಪಕ್ಕ. ಆಕೆ ಬೆವರಿದ್ದನ್ನು ಅವರು ನಾಚಿಕೆ ಎಂದುಕೊಂಡು ಒಪ್ಪಿಬಿಟ್ಟರು. ಈಗ ಎರಡು ಮಕ್ಕಳು, ಸುಖವಾಗಿದ್ದಾಳೆ.

ನನ್ನ ಹೆಸರು ಸಾವಂತ್ರೆವ್ವ. ಸಂತೆ ಮೈದಾನದ ಎದುರಿಗೆ ನನ್ನದೂ ನನ್ನ ನಾದಿನಿ ಕಾಶವ್ವನದೂ ಒಂದು ಖಾನಾವಳಿ ಇದೆ. ನನ್ನ ಗಂಡ ತೀರಿಕೊಂಡ ಮೇಲೆ ಅವನ ತಂಗಿ ನನ್ನ ಜೊತೆ ಇರಲು ಬಂದಳು. ಅವಳ ಗಂಡ ಅದಕ್ಕೂ ಮೊದಲೇ ಹೋಗಿದ್ದ. ಇಬ್ಬರಿಗೂ ಕೈಯಲ್ಲಿ ಅಡುಗೆ ಬಿಟ್ಟರೆ ಬೇರೆ ವಿದ್ಯೆ ಇರಲಿಲ್ಲ. ರೊಟ್ಟಿ ನನ್ನದು, ಪಲ್ಯ, ಸಾರು, ಚಟ್ನಿಪುಡಿ ಅವಳದು. ಮಧ್ಯಾಹ್ನ ಕೋರ್ಟಿನ ಗುಮಾಸ್ತರು, ಸಂತೆಯವರು ಬರುತ್ತಾರೆ. ಸಂಜೆ ಗರಡಿಮನೆಯ ಪೈಲ್ವಾನರು ತಮ್ಮ ಉಸ್ತಾದ ಬರಮಪ್ಪನ ಹಿಂದೆ ಸಾಲಾಗಿ ಬಂದು ಕೂರುತ್ತಾರೆ. ಬರಮಪ್ಪ ಮಾತು ಕಡಿಮೆಯ ಮನುಷ್ಯ. ಉಣ್ಣುವಾಗ ಅವನು ತಲೆಯೆತ್ತಿದರೆ ಇನ್ನೊಂದು ರೊಟ್ಟಿ ಬೇಕೆಂದು ಅರ್ಥ.

ಹೋದ ವರ್ಷ ನನಗೆ ಹೊಟ್ಟೆನೋವು ಶುರುವಾಯಿತು. ಪಿತ್ತಕೋಶದಲ್ಲಿ ಕಲ್ಲುಗಳಾಗಿವೆ, ತೆಗೆಯಲೇಬೇಕು ಎಂದರು. ದೊಡ್ಡ ಆಸ್ಪತ್ರೆ ಹೊಳೆಯಾಚೆಯ ಪಟ್ಟಣದಲ್ಲಿ. ದೋಣಿ ದಾಟಿ, ಬಸ್ಸು ಹತ್ತಿ, ಮತ್ತೊಂದು ಬಸ್ಸು ಹತ್ತಿ ಹೋಗಬೇಕು. ಪಕ್ಕೆಲುಬಿನ ಕೆಳಗೆ ಒಂದು ಗೇಣು ಕೊಯ್ದು ಕಲ್ಲು ತೆಗೆದರು. ಕೊಯ್ದವರು ನದಾಫ್ ಎಂಬ ಡಾಕ್ಟರು, ಮೀಸೆ ಇನ್ನೂ ಗಟ್ಟಿಯಾಗದ ವಯಸ್ಸು, ನಮ್ಮ ಕಡೆಯದೇ ಮಾತು. ಮನೆಗೆ ಕಳಿಸುವ ದಿನ ಮಂಚದ ಹತ್ತಿರ ಬಂದು ಹೇಳಿದರು: "ಅಮ್ಮಾ, ಮತ್ತ ಇಷ್ಟ ದೂರ ಬರೂದು ಬ್ಯಾಡ್ರಿ. ಫೋನಿನ್ಯಾಗ ಮಾರಿ ನೋಡಿ ಮಾತಾಡೂಣು. ಗಾಯಾನೂ ಅದರಾಗ ನೋಡತೀನಿ."

ನನಗಿಂತ ಕಾಶವ್ವನಿಗೇ ಹೆಚ್ಚು ಸಂತೋಷವಾಯಿತು. ದೋಣಿಯಲ್ಲಿ ಅವಳಿಗೆ ತಲೆ ತಿರುಗುತ್ತದೆ. "ಅತ್ತಿಗಿ, ಡಾಕ್ಟರೇ ಮನೀಗೆ ಬರತೇನಿ ಅನ್ನಾಕ ಹತ್ಯಾರಂದ್ರ ಸಣ್ಣ ಮಾತೇನು? ಮಾಮಲೇದಾರರ ಮನೀಗೂ ಬರಾಂಗಿಲ್ಲ," ಎಂದು ಬಸ್ಸಿನಲ್ಲಿ ಪಕ್ಕದವರಿಗೂ ಕೇಳುವಂತೆ ಹೇಳಿದಳು.

ಡಾಕ್ಟರು ಮೊದಲ ಸಲ ಬರುವ ದಿನ ರೇಂಜು ಬಂದದ್ದು ಶ್ಯಾಮಲಾಬಾಯಿಯವರ ಮನೆಗೆ. ಅವರು ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅವರ ಪಡಸಾಲೆಯಲ್ಲಿ ಚಪ್ಪಲಿಯೂ ಸಾಲಾಗಿ ನಿಲ್ಲುತ್ತದೆ. ನಾನು ಪೆಟ್ಟಿಗೆಯಲ್ಲಿಟ್ಟ ಇಳಕಲ್ ಸೀರೆ ಉಟ್ಟೆ, ಎಣ್ಣೆ ಹಚ್ಚಿ ತಲೆ ಬಾಚಿಕೊಂಡೆ. ಡಾಕ್ಟರ ಮುಂದೆ ರೋಗಿಷ್ಟೆಯ ಹಾಗೆ ಕೂರಬಾರದೆಂದು ನನ್ನ ಲೆಕ್ಕ. ಕಾಶವ್ವ ಮನೆಯಿಂದಲೇ ಕೆಟಲಿನಲ್ಲಿ ಚಹಾ ತಂದಿದ್ದಳು. ಅಲ್ಲಿ ನಮಗಿಂತ ಮೊದಲೇ ನಾಲ್ಕಾರು ಜನ ಸರದಿಗೆ ಕಾದು ಕೂತಿದ್ದರು. ಬೆಲ್ಲ ಬಾಯಿಗೆ ಹಾಕಿಕೊಂಡು ಎಲ್ಲರೂ ನನ್ನನ್ನೇ ನೋಡಿದರು.

ಫೋನು ಗುನುಗಿತು. ಡಾಕ್ಟರ ಮುಖ ಬಂತು, ಅಂಗೈ ಅಗಲ.

"ಹೆಂಗದೀರಿ ಅಮ್ಮಾ?"

"ಆರಾಮ ಅದೀನ್ರಿ."

"ನೋವು?"

"ಇಲ್ರಿ."

"ಊಟ ಸೇರತೈತಿ?"

"ಆಗೇತ್ರಿ. ನಿಮ್ದು?"

ಅವರು ನಕ್ಕರು. ಕಾಶವ್ವ ಅದೇ ಹೊತ್ತು ನೋಡಿ ಲೋಟವನ್ನು ಫೋನಿನ ಮುಂದೆ ಹಿಡಿದು, "ಚಾ ತಗೋರಿ ಡಾಕ್ಟರ್ರ," ಎಂದಳು. ಹಬೆ ಏರಿ ಗಾಜು ಮಸುಕಾಯಿತು. "ಏನೂ ಕಾಣವಲ್ದ್ರೀ," ಎಂದರು ಡಾಕ್ಟರು. ಶ್ಯಾಮಲಾಬಾಯಿ ತಮ್ಮ ಸೆರಗಿನಿಂದಲೇ ಅದನ್ನು ಒರೆಸಿಕೊಟ್ಟರು. ಗಾಯ ತೋರಿಸಿರಿ ಎಂದಾಗ ನಾನು ಜನರ ಕಡೆ ಬೆನ್ನು ಮಾಡಿ ಸೆರಗು ಒಂದು ಬೆರಳಷ್ಟು ಎತ್ತಿದೆ. ಕಾಶವ್ವ ಫೋನು ಹಿಡಿದ ರೀತಿಗೆ ಡಾಕ್ಟರಿಗೆ ಮೊದಲು ಕಂಡದ್ದು ಜಂತಿ, ಆಮೇಲೆ ಗೋಡೆಯ ಮೇಲಿದ್ದ ಶ್ಯಾಮಲಾಬಾಯಿಯವರ ತಂದೆಯ ಫೋಟೋ, ಕೊನೆಗೆ ನನ್ನ ಗಾಯದ ಒಂದು ತುದಿ. "ಛಲೋ ಐತ್ರಿ. ಭಾರ ಎತ್ತಬ್ಯಾಡ್ರಿ, ರೊಟ್ಟಿ ಬಡಿಯೂದು ಸದ್ಯ ಬ್ಯಾಡ. ಮತ್ತ ನೋಡೂಣು," ಎಂದರು. ಮುಖ ಹೋಯಿತು.

ನಾನು ಕೇಳಬೇಕೆಂದು ಬೆರಳು ಮಡಿಚಿ ಇಟ್ಟುಕೊಂಡ ಪ್ರಶ್ನೆಗಳು ಮುಷ್ಟಿಯಲ್ಲೇ ಉಳಿದವು. ಸದ್ಯ ಬ್ಯಾಡ ಅಂದರೆ ಎಲ್ಲಿಯವರೆಗೆ? ಬಲಮಗ್ಗುಲಾಗಿ ಮಲಗಬಹುದೋ? ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಕಸಿವಿಸಿ ಮಾಡಿತ್ತು. ಮಾತಾಡುವಷ್ಟು ಹೊತ್ತೂ ಡಾಕ್ಟರು ನನ್ನ ಮುಖ ನೋಡಲಿಲ್ಲ. ಅವರ ಕಣ್ಣು ಎಲ್ಲೋ ಕೆಳಗೆ, ನನ್ನ ಕೊರಳ ಮೇಲೋ ಎದೆಯ ಮೇಲೋ ಇತ್ತು. ಆಸ್ಪತ್ರೆಯಲ್ಲಿ ಇದೇ ಡಾಕ್ಟರು ಹಣೆ ಮುಟ್ಟಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದರು.

ಹಾಗೆಂದು ದೂರುವಂತೆಯೂ ಇರಲಿಲ್ಲ. ದೋಣಿಯಿಲ್ಲ, ಬಸ್ಸಿಲ್ಲ, ಬೆಂಚಿನ ಮೇಲೆ ದಿನವಿಡೀ ಕಾಯುವುದಿಲ್ಲ. ಮಧ್ಯಾಹ್ನಕ್ಕೆ ನಾನು ನನ್ನ ಮನೆಯಲ್ಲಿ ನನ್ನ ತಾಟಿನ ಮುಂದೆ ಕೂತಿದ್ದೆ. "ಡಾಕ್ಟರು ಬಂದು ಹೋದ್ರು," ಎಂದು ಕಾಶವ್ವ ಗಿರಾಕಿಗಳಿಗೆಲ್ಲ ಹೇಳಿದಳು.

ಆ ದಿನಗಳಲ್ಲಿ ರೊಟ್ಟಿಯೂ ಅವಳ ಪಾಲಿಗೇ ಬಿದ್ದಿತ್ತು. ಕಾಶವ್ವನ ಕೈಯ ಸಾರಿಗೆ ಊರೇ ತಲೆದೂಗುತ್ತದೆ, ಆದರೆ ರೊಟ್ಟಿ ಅವಳಿಗೆ ಒಲಿದದ್ದಲ್ಲ. ನಡುವೆ ದಪ್ಪ, ಅಂಚು ಹರಕು, ಒಂದೊಂದಕ್ಕೆ ಒಂದೊಂದು ಆಕಾರ. ನಾನು ಕಂಬಕ್ಕೆ ಒರಗಿ ಕೂತು, "ನೀರು ಕಡಿಮಿ ಆತು," "ಕೈ ತಿರುಗಸು," ಎಂದು ಹೇಳುತ್ತಿದ್ದೆ. ಒಂದು ದಿನ ಅವಳು ಹಿಟ್ಟಿನ ಕೈಯನ್ನು ಸೊಂಟಕ್ಕೆ ಇಟ್ಟು, "ಕಲ್ಲು ತಗದ ಹೊತ್ತಿಗೆ ಆ ಡಾಕ್ಟರು ನಿನ್ನ ನಾಲಿಗಿಗೂ ಒಂದು ಹೊಲಿಗಿ ಹಾಕಬೇಕಿತ್ತು," ಎಂದಳು. ನಗು ಬಂದು ಗಾಯ ಹಿಡಿದುಕೊಂಡೆ. ಗುಮಾಸ್ತರು ಗೊಣಗಿದರು. ಬರಮಪ್ಪ ಮಾತ್ರ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಹಾಕಿ ಉಂಡ. ಅವನು ಉಂಡದ್ದನ್ನು ನೋಡಿ ಅವನ ಶಿಷ್ಯರೂ ಉಂಡರು.

ಗಾಯ ಒಣಗುತ್ತಿದೆ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಎದ್ದಾಗ ರವಿಕೆಯ ಕೆಳಗಿನ ಸೀರೆ ಒದ್ದೆಯಾಗಿತ್ತು. ಹೊಲಿಗೆಯ ಒಂದು ತುದಿಯಿಂದ ನೀರು ಜಿನುಗುತ್ತಿತ್ತು. ನೋವೇನೂ ಇರಲಿಲ್ಲ. ಹಳೆಯ ಧೋತರದ ತುಂಡನ್ನು ಮಡಿಚಿ ಒಳಗಿಟ್ಟುಕೊಂಡು ಸುಮ್ಮನಾದೆ. ಮರುದಿನವೂ ಹಾಗೇ ಮಾಡಿದೆ.

ಯಾಕೆ ಮುಚ್ಚಿಟ್ಟೆ ಎಂದರೆ, ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಒಬ್ಬ ಹೆಂಗಸಿದ್ದಳು. ನನ್ನದೇ ವಯಸ್ಸು. ಇಬ್ಬರೂ ಎಲೆಯಡಿಕೆಯ ಚೀಲ ಹಂಚಿಕೊಂಡು, ಸಿಸ್ಟರ್ ಬಂದಾಗ ದಿಂಬಿನಡಿ ಅಡಗಿಸುತ್ತಿದ್ದೆವು. ಒಂದು ದಿನ ಅವಳು, "ನನ್ನ ಗಾಯ ಸೋರಾಕ ಹತ್ತೈತಂತ. ಬಿಚ್ಚಿ ಮತ್ತ ಹೊಲೀತಾರಂತ," ಎಂದಳು. ಗಾಲಿಮಂಚದ ಮೇಲೆ ಕರೆದುಕೊಂಡು ಹೋದರು. ನಾನು ಅಲ್ಲಿರುವ ತನಕ ಅವಳು ಮರಳಿ ಬರಲಿಲ್ಲ. ಕೇಳಿದರೆ ಬೇರೆ ವಾರ್ಡಿಗೆ ಹಾಕಿದ್ದಾರೆ ಎಂದರು. ನಿಜವೇ ಇರಬಹುದು. ಆದರೆ ಅವಳ ಮಂಚಕ್ಕೆ ಹೊಸ ಹಾಸಿಗೆ ಹೊದಿಸುವುದನ್ನು ನಾನು ಮಲಗಿದಲ್ಲಿಂದಲೇ ನೋಡಿದ್ದೆ.

ಕಾಶವ್ವನ ಒಂದು ಕಣ್ಣಿಗೆ ಪೊರೆ ಬಂದಿದೆ, ಇನ್ನೊಂದು ಅಷ್ಟಕ್ಕಷ್ಟೆ. ಆದರೂ ಬಟ್ಟೆ ಒಗೆಯುವಾಗ ಕೈಗೆ ಗೊತ್ತಾಯಿತು. ಕಲೆಯಾದ ಜಾಗ ಗಂಜಿ ಹಾಕಿದಂತೆ ಬಿರುಸಾಗಿತ್ತು. ಸೀರೆಯನ್ನು ಹಿಡಿದುಕೊಂಡೇ ನನ್ನ ಮುಂದೆ ಬಂದು ನಿಂತಳು.

"ಇದೇನು?"

"ಏನಿಲ್ಲ. ನೀರು ಚೆಲ್ಲಿತ್ತು."

"ನೀರು ಬಿರುಸಾಕ್ಕೈತೇನು? ಯಾವಾಗಿಂದ?"

ಅವಳು ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ನೆಲಕ್ಕೆ ಕೂತು, "ನನ್ನ ಅಣ್ಣಾನೂ ಹಿಂಗ ಮುಚ್ಚಿಟ್ಟು ಹೋದ. ನೀನೂ ಹಂಗ ಹೋದ್ರ ನಾ ಯಾರ ಮ್ಯಾಲ ಸಿಟ್ಟು ಮಾಡಲಿ?" ಎಂದಳು. ಅಷ್ಟೇ. ಎದ್ದು ಫೋನು ತೆಗೆದುಕೊಂಡು ಆಸ್ಪತ್ರೆಗೆ ಮಾತಾಡಿದಳು. ಗಾಯ ಸೋರುತ್ತಿದೆ ಎಂದ ಕೂಡಲೇ ಅವರು, ಬುಧವಾರ ಡಾಕ್ಟರು ಖಂಡಿತ ನೋಡುತ್ತಾರೆ, ತಪ್ಪಿಸಬೇಡಿ ಎಂದರಂತೆ.

ಬುಧವಾರ ಬೆಳಿಗ್ಗೆ ಊರಲ್ಲಿ ಯಾರ ಮನೆಯ ತಾಟೂ ಝಣಗುಟ್ಟಲಿಲ್ಲ. ಜನ ಓಣಿ ಓಣಿ ತಿರುಗಿ ಮೊರ ಹುಡುಕಿದರು. ಕೊನೆಗೆ ಸುದ್ದಿ ಬಂತು: ರೇಂಜು ಗರಡಿಮನೆಗೆ ಬಂದಿದೆ. ಅಲ್ಲಿಯ ತನಕ ಒಮ್ಮೆಯೂ ಅಲ್ಲಿಗೆ ಬಂದಿರಲಿಲ್ಲ. ಅಲ್ಲಿ ತಾಟು ಬಟ್ಟಲು ಇಲ್ಲವಲ್ಲ. ಗೋಡೆಗೆ ಒರಗಿಸಿದ ಕರೇಲಗಳು, ಪೈಲ್ವಾನರು ತಿರುಗಿಸುವ ಆ ದಪ್ಪ ಮರದ ಗದೆಗಳು, ಒಂದಕ್ಕೊಂದು ತಾಕಿ ಗುಂಯ್‌ಗುಟ್ಟಿದವಂತೆ. ಬರಮಪ್ಪ ಮನೆಗೆ ಹೋಗಿ ಹೆಂಡತಿಯನ್ನು ಏನೂ ಕೇಳದೆ ಮೊರ ತಂದು ಬಾಗಿಲಿಗೆ ಕಟ್ಟಿದ್ದ.

ನಮ್ಮೂರ ಗರಡಿಮನೆಯ ಹೊಸ್ತಿಲನ್ನು ಹೆಂಗಸರು ದಾಟುವುದಿಲ್ಲ. ಯಾರು ಮಾಡಿದ ಕಟ್ಟಳೆಯೋ, ಬರಮಪ್ಪನ ಉಸ್ತಾದನ ಉಸ್ತಾದನ ಕಾಲದ್ದು. ಮದುವೆ ಮೆರವಣಿಗೆ ಬಂದರೂ ಹೆಂಗಸರು ಎದುರು ಸಾಲಿಗೆ ಸರಿದು ನಡೆಯುತ್ತಾರೆ.

"ನಡಿ," ಎಂದಳು ಕಾಶವ್ವ.

ನಾವು ಹೋದಾಗ ಬರಮಪ್ಪ ಬಾಗಿಲಲ್ಲೇ ನಿಂತಿದ್ದ. ಮೈಗೆ ಕೆಮ್ಮಣ್ಣು ಮೆತ್ತಿತ್ತು. ನಮ್ಮನ್ನು ನೋಡಿ ಹೆಗಲ ಮೇಲಿನ ಟವೆಲ್ಲನ್ನು ಎದೆಗೆ ಹೊದ್ದುಕೊಂಡ. ಮುಖ ನೋಡಿ ಮಾತಾಡಲು ಬಂದ ಗಂಡಸರು ಒಳಗೆ ಹೋಗಿ ಬರುತ್ತಿದ್ದರು. ಹೆಂಗಸರು ರಸ್ತೆಯಾಚೆ ಕಟ್ಟೆಯ ಮೇಲೆ ಕೂತು, ನಾಳೆ ನೋಡಿದರಾಯಿತು ಎನ್ನುತ್ತಿದ್ದರು. ನಮಗೆ ನಾಳೆ ಇರಲಿಲ್ಲ.

"ಬರಮಣ್ಣಾ, ಮೊರ ಕಟ್ಟೀಯೋ ಇಲ್ಲೋ?" ಎಂದು ಕೇಳಿದಳು ಕಾಶವ್ವ.

"ಕಟ್ಟೇನಿ ಕಾಶಕ್ಕ."

"ಮೊರ ಕಟ್ಟಿದ ಮನಿ ಯಾರನ್ನೂ ಹೊಳ್ಳಿ ಕಳಸಂಗಿಲ್ಲ."

"ಇದು ಮನಿ ಅಲ್ಲಲ್ಲ ಕಾಶಕ್ಕ."

"ಮನಿ ಅಲ್ಲಂದ್ರ ಮೊರ ಯಾಕ ಕಟ್ಟಿದಿ?"

ಬರಮಪ್ಪ ಬಾಗಿಲಿನ ಮೊರದ ಕಡೆ ನೋಡಿದ. ಅವನು ಕೆಟ್ಟವನಲ್ಲ. ಅವನ ಬೆನ್ನ ಹಿಂದೆ ಅಷ್ಟೂ ತಲೆಮಾರಿನ ಕಟ್ಟಳೆಯಿತ್ತು, ಅದನ್ನು ಅವನೊಬ್ಬನೇ ಹೊತ್ತು ನಿಂತಿದ್ದ. ರಸ್ತೆಯ ಜನ ಎರಡೂ ಬದಿಯಲ್ಲಿ ಗುಂಪುಗೂಡಿದರು. ನನಗೆ ನಾಚಿಕೆಯಾಯಿತು. ನನ್ನ ಹೊಟ್ಟೆಯ ಒಂದು ಗೇಣು ಗಾಯಕ್ಕೆ ಊರು ಎರಡಾಗುವುದು ಬೇಡವೆನಿಸಿತು. "ಹೋಗೂಣು ನಡಿ ಕಾಶವ್ವ. ಅವರ ಜಾಗಾ ಅದು, ಅವರ ಇಷ್ಟ," ಎಂದು ಪಕ್ಕೆ ಹಿಡಿದುಕೊಂಡು ತಿರುಗಿದೆ.

"ಸಾವಂತ್ರಕ್ಕ," ಎಂದು ಬರಮಪ್ಪ ಕರೆದ. ಅವನು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಸೋರಾಕ ಹತ್ತಿ ಎಷ್ಟು ದಿನಾತು?"

ತಿರುಗಿ ನೋಡಿದೆ. ಅವನ ಕಣ್ಣು ನನ್ನ ಸೀರೆಯ ಮೇಲಿದ್ದ ಒದ್ದೆ ಮಚ್ಚೆಯ ಮೇಲಿತ್ತು. ದಾರಿಯಲ್ಲಿ ನಡೆದು ಬರುವಾಗ ಧೋತರದ ತುಂಡು ಜರುಗಿತ್ತು.

"ಮೂರ್ನಾಕು ದಿನಾತು," ಎಂದೆ.

ಅವನು ಒಳಗೆ ಹೋದ. ತೆರೆದ ಬಾಗಿಲಿನಿಂದ ನಮಗೆ ಕಾಣುತ್ತಿತ್ತು. ಗೋಡೆಯ ಮೇಲಿನ ಹನುಮಂತನ ಪಟದ ಮುಂದೆ ನಿಂತು ಕೈ ಮುಗಿದ. ತುಟಿ ಅಲ್ಲಾಡಿದವು. ಆಮೇಲೆ ಒಳಗಿದ್ದವರನ್ನೆಲ್ಲ ಹೊರಗೆ ಕಳಿಸಿ ತಾನೂ ಬಂದ.

"ಕೇಳೀನಿ," ಎಂದ.

"ಏನಂದ?" ಎಂದಳು ಕಾಶವ್ವ.

"ಏನೂ ಅನ್ನಲಿಲ್ಲ. ಬ್ಯಾಡ ಅಂತೂ ಅಂದಿಲ್ಲ." ಆಮೇಲೆ ಕಟ್ಟೆಯ ಕಡೆ ತಿರುಗಿ ದನಿ ಎತ್ತಿದ: "ನಮ್ಮಾಕೀನ ಕರೀರಿ ಯಾರರ. ಕಾಶಕ್ಕಗ ಕಣ್ಣು ಕಾಣಂಗಿಲ್ಲ, ಫೋನು ಹಿಡ್ಯಾಕ ಒಬ್ಬಾಕಿ ಬೇಕು."

ಬರಮಪ್ಪನ ಹೆಂಡತಿ ನಿಂಬೆವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಮದುವೆಯಾದಂದಿನಿಂದ ಗರಡಿಮನೆಗೆ ಬಾದಾಮಿ ಅರೆದು ಕಳಿಸಿದವಳು, ಹಾಲು ಕಾಸಿ ಕಳಿಸಿದವಳು, ಕೆಮ್ಮಣ್ಣಿನ ಲಂಗೋಟಿಗಳನ್ನು ಒಗೆದವಳು ಅವಳೇ. ಹೊಸ್ತಿಲ ಮುಂದೆ ಬಂದು ನಿಂತುಬಿಟ್ಟಳು. ಗಂಡನ ಮುಖ ನೋಡಿದಳು. ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದ. ನಾವು ಮೂವರೂ ಒಳಗೆ ಹೋದೆವು. ಪೈಲ್ವಾನರು ಹೊರಗೆ ಗೋಡೆಗೆ ಬೆನ್ನು ಹಚ್ಚಿ, ರಸ್ತೆಯ ಕಡೆ ಮುಖ ಮಾಡಿ ಸುತ್ತ ನಿಂತರು. ಕಿಟಕಿಯ ಹತ್ತಿರ ಇಣುಕಲು ಗಾಳಿಗೂ ಜಾಗವಿರಲಿಲ್ಲ.

ಒಳಗೆ ತಂಪಾಗಿತ್ತು. ಎಣ್ಣೆ, ಅರಿಶಿಣ, ಮಣ್ಣಿನ ವಾಸನೆ. ಮೇಲಿನ ಬೆಳಕಿಂಡಿಯಿಂದ ಬಿಸಿಲು ನೆಟ್ಟಗೆ ಅಖಾಡದ ಕೆಮ್ಮಣ್ಣಿನ ಮೇಲೆ ಬಿದ್ದಿತ್ತು. ಶ್ಯಾಮಲಾಬಾಯಿಯವರ ಪರದೆ ಹಾಕಿದ ಪಡಸಾಲೆಗಿಂತ ಇಲ್ಲಿಯ ಬೆಳಕೇ ಚೊಕ್ಕ. ಬಾಗಿಲು ಮುಚ್ಚಿದ ಕೂಡಲೇ ನನಗೆ ಒಂದು ನಿರಾಳವೆನಿಸಿತು. ಅಷ್ಟು ಜನರ ನಡುವೆ ಇಷ್ಟು ಏಕಾಂತ ನನಗೆ ಆಸ್ಪತ್ರೆಯಲ್ಲೂ ಸಿಕ್ಕಿರಲಿಲ್ಲ.

ಫೋನು ಗುನುಗಿತು. ನದಾಫ್ ಡಾಕ್ಟರು ಕಣ್ಣು ಕಿರಿದು ಮಾಡಿ ನೋಡಿದರು.

"ಅಮ್ಮಾ, ಎಲ್ಲಿದೀರಿ? ನಿಮ್ಮ ಹಿಂದ ಅವೇನವು?"

"ಕರೇಲ್ರೀ," ಎಂದಳು ಕಾಶವ್ವ. "ಗರಡಿಮನ್ಯಾಗ ಅದೀವಿ."

"ಯಾರನ್ನ ಹೊಡ್ಯಾಕ ತಯಾರಾಗೀರಿ? ನನ್ನನ್ನೇನು?"

ನಿಂಬೆವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೂ ನಗು ಬಂತು. ನಕ್ಕ ಮೇಲೆ ಹೇಳುವುದು ಸುಲಭವಾಯಿತು. ಸೋರುತ್ತಿದೆ, ಮುಚ್ಚಿಟ್ಟಿದ್ದೆ ಎಂದು ಹೇಳಿದೆ. ಅವರು ನಗು ನಿಲ್ಲಿಸಿದರು. ಮಲಗಿರಿ ಎಂದರು. ಮಲಗಲು ಮಂಚವೆಲ್ಲಿ? ಕಾಶವ್ವ ತಾನು ಹೊದ್ದ ಶಾಲನ್ನು ಅಖಾಡದ ಮಣ್ಣಿನ ಮೇಲೆ ಹಾಸಿದಳು. ನಾನು ಮೆಲ್ಲಗೆ ಮಲಗಿದೆ. ಆ ಮಣ್ಣು ಎಷ್ಟು ಮೆತ್ತಗಿತ್ತೆಂದರೆ ಆಸ್ಪತ್ರೆಯ ಹಾಸಿಗೆಯೇ ನಾಚಿಕೆಪಡಬೇಕು. ಈ ಸಲ ಸೆರಗು ಪೂರ್ತಿ ಸರಿಸಿದೆ. ನಿಂಬೆವ್ವ ಮೊಣಕಾಲೂರಿ, ಅಲ್ಲಾಡದ ಕೈಯಲ್ಲಿ ಫೋನು ಹಿಡಿದಳು.

"ಕಾಶವ್ವಾರ ಕೈ ನನ್ನ ಕೈ ಅಂದ್ಕೊಳ್ರಿ," ಎಂದರು ಡಾಕ್ಟರು. "ಕಾಶವ್ವಾರ, ಕೈ ತೊಳಕೊಂಡೀರಲ್ಲ? ಗಾಯದ ಸುತ್ತ ಹಿಂಗೈಯಿಂದ ಮುಟ್ರಿ. ಬಿಸಿ ಹತ್ತತೈತಿ?"

ಕಾಶವ್ವ ಮುಟ್ಟಿದಳು. "ಬಿಸಿ ಅಂದ್ರ ಹಂಚಿನಂಗೇನಿಲ್ರೀ. ಹಾಲಿಗೆ ಹೆಪ್ಪ ಹಾಕೂವಾಗ ಇರತೈತಲ್ಲ, ಅಷ್ಟ."

"ತಿಳೀತು," ಎಂದರು ಡಾಕ್ಟರು. "ನಮ್ಮವ್ವಾನೂ ಜ್ವರ ಹಂಗೇ ಹೇಳತಿದ್ಲು. ಈಗ ಗಾಯದ ಬಗಲಿಗೆ ಮೆಲ್ಲಕ ಒತ್ರಿ. ಏನು ಬರತೈತಿ?"

"ನೀರು."

"ಬಣ್ಣ?"

"ತಿಳಿ ಐತ್ರೀ. ಜೋಳದ ಗಂಜಿ ತಿಳಿಯಂಗ."

"ವಾಸನಿ?"

ಕಾಶವ್ವ ಬಗ್ಗಿ ಮೂಸಿ ನೋಡಿದಳು. ಅವಳ ಕೂದಲು ನನ್ನ ಹೊಟ್ಟೆಗೆ ತಾಕಿತು. "ಇಲ್ರೀ. ಮನಿಶ್ಯಾರ ವಾಸನಿ, ಅಷ್ಟ."

ಫೋನನ್ನು ಹತ್ತಿರ ತರಿಸಿ, ದೂರ ಮಾಡಿಸಿ, ಬೆಳಕಿನ ಕಡೆ ತಿರುಗಿಸಿ ಅವರು ಬಹಳ ಹೊತ್ತು ನೋಡಿದರು. ಜ್ವರ ಕೇಳಿದರು, ಚಳಿ ಕೇಳಿದರು. ಆಮೇಲೆ ಹೇಳಿದರು: ತೊಗಲಿನ ಕೆಳಗೆ ನೀರು ನಿಂತಿತ್ತು, ಅದು ದಾರಿ ಮಾಡಿಕೊಂಡು ಹೊರಗೆ ಬರುತ್ತಿದೆ. ವಯಸ್ಸಾದವರಲ್ಲಿ ಹೀಗಾಗುವುದುಂಟು. ಕೀವು ಕಾಣುತ್ತಿಲ್ಲ. ಊರಿನ ದವಾಖಾನೆಯ ಸಿಸ್ಟರಿಗೆ ತಾವೇ ಫೋನು ಮಾಡಿ ಹೇಳುತ್ತಾರೆ, ದಿನಾ ಒರೆಸಿ ಪಟ್ಟಿ ಕಟ್ಟಿಸಿಕೊಳ್ಳಬೇಕು. ಜ್ವರ ಬಂದರೆ, ಕೆಂಪು ಹರಡಿದರೆ, ವಾಸನೆ ಬಂದರೆ ಮಾತ್ರ ಅದೇ ದಿನ ಹೊರಟು ಬರಬೇಕು.

"ಹಂಗಾದ್ರ ಬಿಚ್ಚಿ ಮತ್ತ ಹೊಲ್ಯಾಂಗಿಲ್ಲ?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಈಗ ಬ್ಯಾಡ್ರಿ. ಅದಕ್ಕ ಹೆದರಿ ಮುಚ್ಚಿಟ್ಟಿದ್ರೇನು?"

ಕಾಶವ್ವ ನನ್ನ ಭುಜ ಹಿಡಿದುಕೊಂಡಿದ್ದಳು. ನಾನು ಎದ್ದು ಕೂತೆ. ಹೆದರಿಕೆ ಹೋದ ಮೇಲೆ ಬಾಯಿಗೆ ಧೈರ್ಯ ಬರುತ್ತದೆ. "ಡಾಕ್ಟರಪ್ಪಾ, ಒಂದು ಕೇಳತೇನಿ, ಸಿಟ್ಟು ಮಾಡಬ್ಯಾಡ್ರಿ. ಹ್ವಾದ ಸಲಾನೂ ನೋಡಿದೆ, ಈಗೂ ನೋಡೇನಿ. ನನ್ನ ಹೊಟ್ಟಿ ನೋಡತೀರಿ, ನನ್ನ ಮಾರಿ ನೋಡವಲ್ರಿ. ಎಲ್ಲೋ ಕೆಳಗ ನೋಡಿ ಮಾತಾಡತೀರಿ."

ಡಾಕ್ಟರು ಬೆರಗಾದರು. ಆಮೇಲೆ, "ಅಮ್ಮಾ, ನಾ ನಿಮ್ಮ ಮಾರೀನ ನೋಡಾಕ ಹತ್ತೇನ್ರಿ. ನಿಮ್ಮ ಮಾರಿ ನನಗ ಇಲ್ಲಿ ಕೆಳಗ ಕಾಣತೈತಿ. ಫೋನಿನ ಕಣ್ಣು ಮ್ಯಾಲೈತಿ. ತಡೀರಿ," ಎಂದು ಕತ್ತು ಸ್ವಲ್ಪ ಎತ್ತಿದರು. ಅವರ ಎರಡೂ ಕಣ್ಣು ನೆಟ್ಟಗೆ ನನ್ನ ಕಣ್ಣಿಗೆ ಬಂದವು. ಆಸ್ಪತ್ರೆಯಲ್ಲಿ ಹಣೆ ಮುಟ್ಟಿದ ದಿನದ ಹಾಗೆಯೇ. "ಈಗ ನೋಡಿದ್ನೇನ್ರಿ?"

"ನೋಡಿದ್ರಿ."

"ಆದರ ಈಗ ನನಗ ನೀವು ಕಾಣವಲ್ರಿ. ಬರೇ ಒಂದು ಕರೀ ಚುಕ್ಕಿ ಕಾಣತೈತಿ."

ಪಾಪ, ಇಷ್ಟು ದಿನ ಅವರು ನನ್ನನ್ನು ನೋಡುತ್ತಲೇ ಇದ್ದರು, ನನಗೆ ತಿಳಿದಿರಲಿಲ್ಲ. ನನ್ನ ಸಮಾಧಾನಕ್ಕೆ ಈಗ ಏನೂ ಕಾಣದ ಚುಕ್ಕೆಯನ್ನು ನೋಡುತ್ತ ಕೂತಿದ್ದಾರೆ. "ಬ್ಯಾಡ್ರೀ," ಎಂದೆ, "ನೀವು ಮೊದಲಿನಂಗ ಕೆಳಗ ನೋಡ್ರಿ. ನನಗ ಈಗ ಗೊತ್ತಾತು." ಅವರು ನಕ್ಕು ಕಣ್ಣು ಇಳಿಸಿದರು. ಆಮೇಲೆ ನಾನು ಒಂದೊಂದೇ ಬೆರಳು ಬಿಚ್ಚಿ ಎಲ್ಲ ಕೇಳಿದೆ. ಬಲಮಗ್ಗುಲಾಗಿ ಮಲಗಬಹುದಂತೆ. ಉಪ್ಪಿನಕಾಯಿ ನಡೆಯುತ್ತದಂತೆ, ಕರಿದದ್ದು ಸ್ವಲ್ಪ ಕಡಿಮೆ. ರೊಟ್ಟಿ ಬಡಿಯುವುದು ಹೇಗೆ, ತೋರಿಸಿರಿ ಎಂದರು. ಗಾಳಿಯಲ್ಲೇ ಎರಡು ಸಲ ಬಡಿದು ತೋರಿಸಿದೆ. ತೋಳು ಅಷ್ಟೇ ಅಲ್ಲ, ಹೊಟ್ಟೆಯೂ ಬಡಿಯುತ್ತದೆ ಎಂದು ಅವರಿಗೆ ಕಂಡಿತು. ಗಾಯ ಒಣಗಿದ ಮೇಲೆ ಇನ್ನೂ ಒಂದು ಹುಣ್ಣಿಮೆ ದಾಟಲಿ ಎಂದರು.

ಮುಖ ಹೋದ ಮೇಲೆ ನಾನು ಸೀರೆ ಸರಿಮಾಡಿಕೊಳ್ಳುತ್ತಿದ್ದೆ. ನಿಂಬೆವ್ವ ಫೋನು ನನ್ನ ಕೈಗೆ ಕೊಟ್ಟು ಎದ್ದು ನಿಂತಳು. ಅಖಾಡವನ್ನು ನೋಡಿದಳು, ಗೋಡೆ ನೋಡಿದಳು, ಬೆಳಕಿಂಡಿ ನೋಡಿದಳು. ಒಂದು ಕರೇಲದ ಹಿಡಿಯನ್ನು ಮುಟ್ಟಿದಳು. ಗಂಡನ ಅಂಗೈ ತಾಕಿ ತಾಕಿ ಅದು ಕಂಚಿನ ಹಾಗೆ ನುಣುಪಾಗಿತ್ತು. ಗೋಡೆಯಿಂದ ಗೋಡೆಗೆ ನಡೆದಳು, ಬೇಗ ಮುಗಿದುಹೋಯಿತು. ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತು ಗಂಡನನ್ನು ಕೇಳಿದಳು:

"ಇಷ್ಟ ಸಣ್ಣದೈತೇನ್ರಿ ಇದು?"

ಪೈಲ್ವಾನರು ಬೆನ್ನು ತಿರುಗಿಸಿಕೊಂಡೇ ಕಿವಿ ಚುರುಕು ಮಾಡಿದರು. ಬರಮಪ್ಪ ಹಣೆ ಒರೆಸಿಕೊಂಡ. "ಕುಸ್ತಿ ಹಿಡಿಯೂವಾಗ ದೊಡ್ಡದಾಕ್ಕೈತಿ," ಎಂದ.

"ನಾನು ಏನೋ ಅರಮನಿ ಅಂದ್ಕೊಂಡಿದ್ದೆ," ಎಂದಳು ನಿಂಬೆವ್ವ. ಅವನು ನಕ್ಕ. ಬರಮಪ್ಪ ನಗುವುದನ್ನು ಊರು ನೋಡಿರಲಿಲ್ಲ. ಅವನ ಮುಂದಿನ ಹಲ್ಲಿನ ನಡುವೆ ಒಂದು ಸಂದಿ ಇರುವುದು ಅಂದೇ ಗೊತ್ತಾದದ್ದು. ರಸ್ತೆಯಾಚೆಯ ಕಟ್ಟೆಯ ಹೆಂಗಸರು ಒಬ್ಬೊಬ್ಬರೇ ಎದ್ದು ಸೆರಗು ಹೊದ್ದು, ಸರದಿಗೆ ಬಂದು ನಿಂತರು. ಅವನು ಬೇಡವೆನ್ನಲಿಲ್ಲ. ನೀರು ಬೆಲ್ಲ ತರಲು ನಿಂಬೆವ್ವ ಮನೆಗೆ ಓಡಿದಳು.

ಗಾಯ ನಿಧಾನವಾಗಿ ಒಣಗಿತು. ಸಿಸ್ಟರು ದಿನಾ ಬಂದು ಪಟ್ಟಿ ಕಟ್ಟಿದಳು. ನೀರು ಕಡಿಮೆಯಾಗಿ, ಒಂದು ದಿನ ಪಟ್ಟಿ ಒಣಗಿದ್ದೇ ಬಂತು. ಹುಣ್ಣಿಮೆ ದಾಟಿದ ಮೇಲೆ ನಾನು ಒಲೆಯ ಮುಂದೆ ಕೂತೆ, ಕಾಶವ್ವ ತನ್ನ ಸಾರಿಗೆ ಮರಳಿದಳು. ಗಿರಾಕಿಗಳ ಗೊಣಗಾಟ ನಿಂತಿತು. ಕಾಶವ್ವನ ಕಣ್ಣಿನ ಪೊರೆ ತೆಗೆಸಲು ಈಗ ನಾನೇ ಬೆನ್ನು ಹತ್ತಿದ್ದೇನೆ.

ಡಾಕ್ಟರು ಕೊನೆಯ ಸಲ ಬಂದದ್ದು ಬಡಿಗೇರ ಮೌನೇಶನ ಮನೆಗೆ. ಅವನ ಹೆಂಡತಿ ಮರದ ಹೊಟ್ಟನ್ನು ಗುಡಿಸಿ ನಮಗೆ ಹೊಸ ತೊಟ್ಟಿಲ ಪಕ್ಕ ಜಾಗ ಮಾಡಿಕೊಟ್ಟಳು. ಈ ಸಲ ಫೋನು ಹಿಡಿಯುವುದು ಕಾಶವ್ವನಿಗೂ ರೂಢಿಯಾಗಿತ್ತು. ಗಾಯ ಒಂದೇ ಸಲಕ್ಕೆ ನೆಟ್ಟಗೆ ಕಂಡಿತು. ಡಾಕ್ಟರು ನೋಡಿ, "ಭಾಳ ಛಲೋ ಆಗೇತ್ರಿ. ಇನ್ನ ನೀವು ನನ್ನ ಕಡೆ ಬರೂದು ಬ್ಯಾಡ್ರಿ," ಎಂದರು.

ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೂ ಫೋನು ಇಡಲು ಕಾಶವ್ವನಿಗೆ ಬಿಡಲಿಲ್ಲ.

"ನಾವೆಲ್ಲಿ ಬಂದಿದ್ವಿ ಡಾಕ್ಟರಪ್ಪಾ? ನೀವ ಬಂದಿದ್ರಿ," ಎಂದೆ.

ಅವರು ಹೌದಲ್ಲ ಎಂಬಂತೆ ತಲೆ ಆಡಿಸಿದರು. ಅವರ ಹಿಂದೆ ಯಾರೋ ಬಾಗಿಲು ತಟ್ಟಿ ಮುಂದಿನ ರೋಗಿಯ ಹೆಸರು ಹೇಳುತ್ತಿದ್ದರು. ಅವರು ಅತ್ತ ತಿರುಗಲಿಲ್ಲ.

"ಹೌದ್ರಿ ಅಮ್ಮಾ. ನಾನ ಬಂದಿದ್ದೆ," ಎಂದರು. "ಬರಲೇನ್ರಿ ಹಂಗಾದ್ರ?"

ಕಾಶವ್ವ ಫೋನನ್ನು ನನ್ನ ಮುಖದ ಹತ್ತಿರ ತಂದಳು. ನಾನು ಬಾಗಿಲ ತನಕ ಹೋಗಿ ಕಳಿಸುವವರ ಹಾಗೆ ಎದ್ದು ನಿಂತೆ.

"ಹೋಗಿ ಬರ್ರಿ," ಎಂದೆ.